ನಿಧಾನದ ಅಣು: ಹೃದಯದ ನರಗಳನ್ನು ಅಳೆಯಲು ಹೊರಟ ಆ್ಯನ್ ಆರ್ಬರ್‌ನ ಪ್ರಕರಣ

ಗಾಜಿನ ಕೊಳವೆಯೊಂದರ ತುದಿಗೆ ಇಲಿಯ ಹೃದಯವನ್ನು ಕಟ್ಟಿ ತೂಗುಬಿಟ್ಟಿದ್ದಾರೆ. ನೆಲ್ಲಿಕಾಯಿಗಿಂತ ಚಿಕ್ಕದು, ತೂಕ ಒಂದು ಗ್ರಾಂ ಆಸುಪಾಸು. ದೇಹದಿಂದ ಬೇರ್ಪಟ್ಟರೂ ಅದು ಬಡಿದುಕೊಳ್ಳುತ್ತಲೇ ಇದೆ. ಮಹಾಪಧಮನಿಯ ಬಾಯಿಗೆ ಸಿಕ್ಕಿಸಿದ ಕೊಳವೆಯಿಂದ ಆಮ್ಲಜನಕ ತುಂಬಿದ, ಮೈ ಬಿಸಿಯಷ್ಟೇ ಬೆಚ್ಚಗಿರುವ ಲವಣದ ದ್ರಾವಣ ಅದರ ಸ್ನಾಯುವಿನೊಳಕ್ಕೆ ಹರಿಯುತ್ತಿದೆ. ಜರ್ಮನಿಯ ಆಸ್ಕರ್ ಲ್ಯಾಂಗೆನ್‌ಡಾರ್ಫ್ 1895ರಲ್ಲಿ ತೋರಿಸಿಕೊಟ್ಟ ಏರ್ಪಾಡು ಇದು. ಇಂದಿಗೂ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ಹೃದಯದ ಎರಡೂ ಪಕ್ಕದಲ್ಲಿ ವಿಕಿರಣವನ್ನು ಎಣಿಸುವ ಸಾಧನಗಳಿವೆ. ಸುಮಾರು ಹತ್ತು ನಿಮಿಷ ದ್ರಾವಣದ ಜೊತೆಗೆ ವಿಕಿರಣಶೀಲ ಅಣುವನ್ನು ಹರಿಸುತ್ತಾರೆ. ಗ್ರಾಫಿನ ಗೆರೆ ಏರುತ್ತದೆ. ಆಮೇಲೆ ತಿರುಪು ತಿರುಗಿಸಿ ಬರಿಯ ದ್ರಾವಣವನ್ನಷ್ಟೇ ಬಿಡುತ್ತಾರೆ, ಗೆರೆ ಇಳಿಯತೊಡಗುತ್ತದೆ. ಏರಿದ ಬಗೆಯನ್ನು ನೋಡಿದರೆ ಅಣು ನರದೊಳಕ್ಕೆ ಎಷ್ಟು ಬೇಗ ಹೊಕ್ಕಿತೆಂದು ತಿಳಿಯುತ್ತದೆ. ಇಳಿದ ಬಗೆಯನ್ನು ನೋಡಿದರೆ ಅಲ್ಲಿ ಎಷ್ಟು ಹೊತ್ತು ನಿಂತಿತೆಂದು ತಿಳಿಯುತ್ತದೆ.

ಈ ಎರಡು ಗೆರೆಗಳನ್ನು ಸರಿಯಾಗಿ ಓದುವುದಕ್ಕೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ದಶಕಗಳೇ ಹಿಡಿದವು. ಬೇಗ ಹೊಗುವ ಅಣುವೇ ಒಳ್ಳೆಯ ಅಣು ಎಂಬ ಸಹಜವಾದ ನಂಬಿಕೆ ಆ ಹಾದಿಯಲ್ಲಿ ತಲೆಕೆಳಗಾಯಿತು. ನಾನು ಇಲ್ಲಿ ಬರೆಯಲು ಹೊರಟಿರುವುದು ಅದನ್ನೇ.

ನರ ಸತ್ತಿದೆ, ಸ್ನಾಯು ಬದುಕಿದೆ

ಹೃದಯಕ್ಕೆ ತನ್ನದೇ ತಾಳವಿದೆ. ಆದರೆ ಆ ತಾಳವನ್ನು ಏರಿಸಿ ಇಳಿಸುವುದು ನರಗಳು. ಮೆಟ್ಟಿಲು ಹತ್ತುವಾಗ, ಹೆದರಿದಾಗ, ಸಿಟ್ಟು ಬಂದಾಗ ಎದೆ ಹೊಡೆದುಕೊಳ್ಳುವಂತೆ ಮಾಡುವುದು ಸಿಂಪಥೆಟಿಕ್ ನರಗಳು. ಅವು ಹೃದಯದ ಬುಡದಿಂದ ಹೊರಟು ಮೇಲ್ಮೈಯ ಮೇಲೆ ತುದಿಯ ಕಡೆಗೆ ಹರಡುತ್ತಾ ಒಳಕ್ಕೆ ಇಳಿಯುತ್ತವೆ. ಎಳೆಯ ಉದ್ದಕ್ಕೂ ಮಣಿ ಪೋಣಿಸಿದ ಹಾಗೆ ಉಬ್ಬುಗಳಿರುತ್ತವೆ. ಪ್ರತಿ ಉಬ್ಬಿನೊಳಗೂ ನಾರ್‌ಎಪಿನೆಫ್ರಿನ್ ತುಂಬಿದ ಪುಟ್ಟ ಚೀಲಗಳಿರುತ್ತವೆ. ಸಂಕೇತ ಬಂದಾಗ ಚೀಲ ಒಡೆದು ರಾಸಾಯನಿಕ ಹೊರಬೀಳುತ್ತದೆ, ಸ್ನಾಯು ಬಿರುಸಾಗುತ್ತದೆ. ಹೊರಬಿದ್ದದ್ದರಲ್ಲಿ ಬಹುಪಾಲನ್ನು ನರವೇ ಮತ್ತೆ ಒಳಕ್ಕೆ ಎಳೆದುಕೊಂಡು ಚೀಲಕ್ಕೆ ತುಂಬಿಕೊಳ್ಳುತ್ತದೆ. ಹೀಗೆ ಎಳೆದುಕೊಳ್ಳುವ ಬಾಗಿಲು ಒಂದು ಪ್ರೋಟೀನ್. ನಾರ್‌ಎಪಿನೆಫ್ರಿನ್ ಸಾಗಣೆಗಾರ ಎಂಬುದು ಅದರ ಹೆಸರಿನ ಅರ್ಥ. ಇಲ್ಲಿ ಅದನ್ನು ನರದ ಬಾಗಿಲು ಎಂದೇ ಕರೆಯುತ್ತೇನೆ.

ಈ ಮರುಸೇವನೆ ಪತ್ತೆಯಾದದ್ದೂ ವಿಕಿರಣಶೀಲ ಅಣುವಿನಿಂದಲೇ. 1960ರ ದಶಕದ ಆರಂಭದಲ್ಲಿ ಜೂಲಿಯಸ್ ಆಕ್ಸೆಲ್‌ರಾಡ್ ಮತ್ತು ಸಂಗಡಿಗರು ವಿಕಿರಣಶೀಲ ಹೈಡ್ರೋಜನ್ ಕೂಡಿಸಿದ ನಾರ್‌ಎಪಿನೆಫ್ರಿನ್ನನ್ನು ಬೆಕ್ಕುಗಳಿಗೆ ಚುಚ್ಚಿ, ಅದು ನರಗಳಿರುವ ಕಡೆ ಹೋಗಿ ಸೇರುವುದನ್ನೂ, ನರ ಕಡಿದ ಕಡೆ ಸೇರದಿರುವುದನ್ನೂ ಕಂಡರು. ಆಕ್ಸೆಲ್‌ರಾಡ್ ಅವರಿಗೆ 1970ರ ನೊಬೆಲ್ ಪಾಲು ಸಿಕ್ಕಿತು. ಟ್ರೇಸರ್ ಎಂದು ನಾವು ಕರೆಯುವ, ದೇಹದೊಳಗೆ ಜಾಡು ತೋರಿಸುತ್ತಾ ಹೋಗುವ ಅಣುವಿನ ಪೂರ್ತಿ ತರ್ಕ ಆ ಬೆಕ್ಕುಗಳಲ್ಲೇ ಇದೆ. ನರ ಇದ್ದರೆ ಅಣು ನಿಲ್ಲುತ್ತದೆ, ನರ ಇಲ್ಲದಿದ್ದರೆ ಕೊಚ್ಚಿಹೋಗುತ್ತದೆ.

ಈಗ ರೋಗಿಯ ವಿಷಯ. ಹೃದಯಾಘಾತವಾದಾಗ ರಕ್ತ ಸಿಗದ ಸ್ನಾಯು ಸಾಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ರಕ್ತದ ಕೊರತೆಯನ್ನು ಸ್ನಾಯುವಿಗಿಂತ ಮೊದಲು ತಾಳಲಾರದೆ ಹೋಗುವುದು ನರ. ಜೊತೆಗೆ ಆ ನರಗಳು ಬುಡದಿಂದ ತುದಿಗೆ ಸಾಗುವ ಹಾದಿಯಲ್ಲಿ ನಡುವೆ ಒಂದು ತುಂಡು ಸತ್ತರೆ ಅದರಾಚೆಗಿನ ಭಾಗಕ್ಕೂ ಸಂಪರ್ಕ ತಪ್ಪುತ್ತದೆ. ಆದ್ದರಿಂದ ಗಾಯದ ಗುರುತಿಗಿಂತ ಅಗಲವಾದ ಒಂದು ಪಟ್ಟಿ ಉಳಿದುಬಿಡುತ್ತದೆ. ಅಲ್ಲಿ ಸ್ನಾಯು ಬದುಕಿದೆ, ರಕ್ತವೂ ಹರಿಯುತ್ತಿದೆ, ನರ ಮಾತ್ರ ಇಲ್ಲ. ನರ ಕಳೆದುಕೊಂಡ ಸ್ನಾಯು ರಕ್ತದಲ್ಲಿ ಬರುವ ಅದೇ ರಾಸಾಯನಿಕಕ್ಕೆ ಅತಿಯಾಗಿ ಪ್ರತಿಕ್ರಿಯಿಸುತ್ತದೆ. ಪಕ್ಕದ ಸ್ನಾಯು ಒಂದು ಬಗೆಯಲ್ಲಿ, ಇದು ಇನ್ನೊಂದು ಬಗೆಯಲ್ಲಿ. ಲಯ ಒಡೆದು ದಿಢೀರ್ ಸಾವಿಗೆ ದಾರಿಯಾಗುವುದು ಇಂಥ ಗಡಿಯಲ್ಲಿ. ಎಕೋದಲ್ಲಿ ಈ ಪಟ್ಟಿ ಕಾಣುವುದಿಲ್ಲ. ಆಂಜಿಯೋಗ್ರಾಮಿನಲ್ಲೂ ಕಾಣುವುದಿಲ್ಲ.

ಮಧುಮೇಹದಲ್ಲಿ ಇದು ಇನ್ನೂ ಮೆಲ್ಲಗೆ ನಡೆಯುತ್ತದೆ. ಕಾಲಿನ ಬೆರಳುಗಳಲ್ಲಿ ಸ್ಪರ್ಶ ಹೋಗುವುದನ್ನು ನಮ್ಮ ಮನೆಗಳ ಹಿರಿಯರಲ್ಲಿ ನಾವೆಲ್ಲ ಕಂಡಿದ್ದೇವೆ. ಅದೇ ಬಗೆಯ ನರಕ್ಷಯ ಹೃದಯದಲ್ಲೂ ಆಗುತ್ತದೆ, ಅಲ್ಲಿಯೂ ದೂರದ ತುದಿಯಿಂದಲೇ ಶುರುವಾಗುತ್ತದೆ. 1998ರಲ್ಲಿ ಮಿಷಿಗನ್ ತಂಡ ಪ್ರಕಟಿಸಿದ ಅಧ್ಯಯನದಲ್ಲಿ, ನರರೋಗ ತೀವ್ರವಾಗಿದ್ದ ಮಧುಮೇಹಿಗಳ ಹೃದಯದ ತುದಿಯ ಕಡೆ ನರಗಳು ಕಳೆದುಹೋಗಿದ್ದವು. ಬುಡದ ಕಡೆ ಮಾತ್ರ ಟ್ರೇಸರ್ ಮಾಮೂಲಿಗಿಂತ ಹೆಚ್ಚಾಗಿಯೇ ನಿಂತಿತ್ತು. ಒಂದೇ ಹೃದಯದಲ್ಲಿ ಒಂದು ಕಡೆ ಬರ, ಇನ್ನೊಂದು ಕಡೆ ನೆರೆ.

ಹಾಗಾದರೆ ವೈದ್ಯರಿಗೆ ಬೇಕಾದದ್ದೇನು? ಈ ಭಾಗದಲ್ಲಿ ನರ ಇದೆಯೇ ಇಲ್ಲವೇ ಎಂಬ ಉತ್ತರ ಮಾತ್ರ ಸಾಲದು. ನೂರರಲ್ಲಿ ಎಷ್ಟು ಉಳಿದಿದೆ ಎಂಬ ಸಂಖ್ಯೆ ಬೇಕು. ಪ್ರಕರಣದ ತಿರುಳು ಈ ‘ಎಷ್ಟು’ ಎಂಬ ಮಾತಿನಲ್ಲಿದೆ.

ಮೊದಲ ಎರಡು ಅಣುಗಳು

ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್ ಊರಿನ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ವೀಲೆಂಡ್ ಎಂಬ ರಸಾಯನ ವಿಜ್ಞಾನಿ, ವಿಕಿರಣಶೀಲ ವಸ್ತುಗಳನ್ನು ಬಳಸುವ ವೈದ್ಯಕೀಯ ಶಾಖೆಯಾದ ಅಣುವೈದ್ಯಕೀಯದ ಹಿರಿಯರಾದ ವಿಲಿಯಂ ಬೇರ್‌ವಾಲ್ಟೀಸ್ ಅವರ ತಂಡದಲ್ಲಿ ಕೆಲಸ ಮಾಡುತ್ತಿದ್ದರು. ಅವರು ಹುಡುಕುತ್ತಿದ್ದದ್ದು ಅಡ್ರಿನಲ್ ಗ್ರಂಥಿಯ ಒಳತಿರುಳನ್ನು ಚಿತ್ರಿಸುವ ಅಣುವನ್ನು. ಹೃದಯ ಆಗ ಗುರಿಯಾಗಿರಲಿಲ್ಲ. ಬ್ರೆಟಿಲಿಯಂ ಮತ್ತು ಗ್ವಾನೆಥಿಡಿನ್ ಎಂಬ ಎರಡು ರಕ್ತದೊತ್ತಡದ ಔಷಧಿಗಳು ಸಿಂಪಥೆಟಿಕ್ ನರಗಳಲ್ಲಿ ಹೋಗಿ ಕೂರುತ್ತವೆ ಎಂಬುದು ತಿಳಿದಿತ್ತು. ಒಂದರ ಬೆಂಜೈಲ್ ತುಂಡನ್ನೂ ಇನ್ನೊಂದರ ಗ್ವಾನಿಡಿನ್ ತುಂಡನ್ನೂ ಕೂಡಿಸಿ, ಅದಕ್ಕೆ ವಿಕಿರಣಶೀಲ ಅಯೋಡಿನ್ ಅಂಟಿಸಿದರು. ಬೆಂಜೈಲ್ ತುಂಡಿನ ಕಾರ್ಬನ್ ಉಂಗುರದ ಮೆಟಾ ಸ್ಥಾನದಲ್ಲಿ, ಅಂದರೆ ಬಾಲ ಅಂಟಿದ ಮೂಲೆಯಿಂದ ಒಂದು ಮೂಲೆ ಬಿಟ್ಟು ಕೂರಿಸಿದಾಗ ಅಯೋಡಿನ್ ದೇಹದೊಳಗೆ ಕಳಚಿಕೊಳ್ಳದೆ ಗಟ್ಟಿಯಾಗಿ ನಿಂತಿತು. 1980ರಲ್ಲಿ ಪ್ರಕಟವಾದ ಈ ಅಣುವೇ ಎಂಐಬಿಜಿ. ಮರುವರ್ಷವೇ ಅದೇ ಸಂಸ್ಥೆಯಿಂದ ಮನುಷ್ಯರ ಹೃದಯದ ಚಿತ್ರಗಳೂ ಬಂದವು.

ಎಂಐಬಿಜಿ ಇಂದಿಗೂ ಕೆಲಸ ಮಾಡುತ್ತಿದೆ. ಅದಕ್ಕೆ ಕೂಡಿಸುವ ಅಯೋಡಿನ್-123ರ ಅರ್ಧಾಯು, ಅಂದರೆ ವಿಕಿರಣ ಅರ್ಧಕ್ಕೆ ಇಳಿಯುವ ಕಾಲ, ಸುಮಾರು 13 ಗಂಟೆ. ಸಾಮಾನ್ಯ ಗಾಮಾ ಕ್ಯಾಮೆರಾ ಸಾಕು. ಚುಚ್ಚಿದ ಹತ್ತು ಹದಿನೈದು ನಿಮಿಷಕ್ಕೆ ಒಂದು ಚಿತ್ರ, ನಾಲ್ಕು ಗಂಟೆಯ ಹೊತ್ತಿಗೆ ಇನ್ನೊಂದು. ಹೃದಯದಲ್ಲಿ ಕಂಡ ಎಣಿಕೆಯನ್ನು ಎದೆಯ ನಡುಭಾಗದ ಎಣಿಕೆಯಿಂದ ಭಾಗಿಸಿದರೆ ಒಂದು ಅನುಪಾತ ಸಿಗುತ್ತದೆ. ಹೃದಯ ವೈಫಲ್ಯದ 961 ರೋಗಿಗಳನ್ನು ಎರಡು ವರ್ಷ ಗಮನಿಸಿ 2010ರಲ್ಲಿ ಪ್ರಕಟಿಸಿದ ಆ್ಯಡ್ಮೈರ್-ಎಚ್‌ಎಫ್ ಅಧ್ಯಯನದಲ್ಲಿ, ಆ ಅನುಪಾತ 1.6 ಅಥವಾ ಅದಕ್ಕೂ ಮೇಲಿದ್ದವರಲ್ಲಿ ಶೇ 15 ಮಂದಿಗೆ ಗಂಭೀರ ಹೃದಯ ತೊಂದರೆ ಅಥವಾ ಸಾವು ಎದುರಾಯಿತು. ಕೆಳಗಿದ್ದವರಲ್ಲಿ ಅದು ಶೇ 37. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಹೃದಯ ವೈಫಲ್ಯಕ್ಕೂ ಇದರ ಬಳಕೆಯನ್ನು ಒಪ್ಪಿತು. (ಹೃದಯದಾಚೆಗೂ ಇದಕ್ಕೆ ಬೆಲೆ ಬಂತು. ಲೆವಿ ಕಾಯದ ಮರೆವು ರೋಗದಲ್ಲಿ ಹೃದಯದ ನರಗಳು ಸೊರಗುತ್ತವೆ. 2017ರ ರೋಗನಿರ್ಣಯ ಮಾನದಂಡಗಳಲ್ಲಿ ಎಂಐಬಿಜಿ ಪರೀಕ್ಷೆಗೆ ಮುಖ್ಯ ಸೂಚಕದ ಸ್ಥಾನವಿದೆ. ಮಿದುಳಿನ ಕಾಯಿಲೆಯನ್ನು ಎದೆಯಲ್ಲಿ ನೋಡಿ ಹೇಳುವುದು ನನಗೆ ಪ್ರತಿ ಸಲವೂ ಬೆರಗು ಹುಟ್ಟಿಸುತ್ತದೆ.)

ಆದರೂ ಆ ಅನುಪಾತ ಇಡೀ ಹೃದಯಕ್ಕೆ ಕೊಟ್ಟ ಒಂದೇ ಅಂಕ. ಯಾವ ಗೋಡೆಯಲ್ಲಿ ಎಷ್ಟು ಎಂದು ಅದು ಹೇಳುವುದಿಲ್ಲ. ಕೆಳಗಿನ ಗೋಡೆಗೆ ಪಕ್ಕದ ಯಕೃತ್ತಿನ ಹೊಳಪು ಬಂದು ಬೆರೆಯುತ್ತದೆ. ಅದಕ್ಕಾಗಿ ಪೆಟ್ ಸ್ಕ್ಯಾನಿಗೆ, ಅಂದರೆ ವಿಕಿರಣವನ್ನು ಭಾಗ ಭಾಗವಾಗಿ ಅಳೆಯಬಲ್ಲ ಚಿತ್ರಣಕ್ಕೆ, ಒಗ್ಗುವ ಅಣು ಬೇಕಾಯಿತು. ವೀಲೆಂಡ್ ತಂಡವೇ ಮಾರ್ಕಸ್ ಶ್ವೈಗರ್ ಅವರ ಜೊತೆ ಸೇರಿ 1990ರಲ್ಲಿ ಕಾರ್ಬನ್-11 ಕೂಡಿಸಿದ ಮೆಟಾ-ಹೈಡ್ರಾಕ್ಸಿಎಫೆಡ್ರಿನ್ನನ್ನು ಹೊರತಂದಿತು. ಚಿಕ್ಕದಾಗಿ ಎಚ್‌ಇಡಿ. ಹೃದಯ ಕಸಿ ಮಾಡಿಸಿಕೊಂಡವರನ್ನು ಇದರಿಂದ ಚಿತ್ರಿಸಿದರು. ಕಸಿ ಮಾಡುವಾಗ ಎಲ್ಲ ನರಗಳೂ ಕಡಿದುಹೋಗುವುದರಿಂದ ಹೊಸ ಹೃದಯದಲ್ಲಿ ಅಣು ನಿಲ್ಲಲಿಲ್ಲ. ವರ್ಷಗಳು ಕಳೆದ ಕೆಲವರಲ್ಲಿ ಮಾತ್ರ ಮುಂಭಾಗದ ಗೋಡೆಯಲ್ಲಿ ಮತ್ತೆ ಹೊಳಪು ಮೂಡಿತ್ತು, ಅಂದರೆ ನರಗಳು ಮರಳಿ ಬೆಳೆಯುತ್ತಿದ್ದವು. ಮ್ಯೂನಿಕ್‌ನಲ್ಲಿ 29 ಮಂದಿಯನ್ನು ನೋಡಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಗೆ ನರ ಮರಳಿದವರು ಹೆಚ್ಚು ಹೊತ್ತು ವ್ಯಾಯಾಮ ಮಾಡಬಲ್ಲವರಾಗಿದ್ದರು.

ಎಚ್‌ಇಡಿ ನರದ ಬಾಗಿಲಲ್ಲಿ ಬಹು ಚುರುಕಾಗಿ ಒಳಹೋಗುತ್ತದೆ. ಚಿತ್ರ ಸೊಗಸಾಗಿ ಬರುತ್ತದೆ. ತೊಡಕು ಇದ್ದದ್ದೂ ಆ ಚುರುಕಿನಲ್ಲೇ.

ಗಿರಣಿಯ ಲೆಕ್ಕ

ಊರಿನ ಹಿಟ್ಟಿನ ಗಿರಣಿಯೊಂದನ್ನು ನೆನೆಯಿರಿ. ಒಳಗೆ ಹತ್ತು ಬೀಸುವ ಕಲ್ಲುಗಳಿವೆ, ಒಂದೊಂದೂ ಗಂಟೆಗೆ ಆರು ಸೇರು ರಾಗಿ ಬೀಸಬಲ್ಲದು. ಆದರೆ ಗಂಟೆಗೆ ಗಿರಣಿಗೆ ಬಂದು ಬೀಳುವ ರಾಗಿ ಇಪ್ಪತ್ತು ಸೇರು ಮಾತ್ರ. ಹೊರಗೆ ನಿಂತು ಹಿಟ್ಟು ಅಳೆದರೆ ಗಂಟೆಗೆ ಇಪ್ಪತ್ತು ಸೇರು. ಐದು ಕಲ್ಲು ಕೆಟ್ಟು ನಿಂತರೂ ಇಪ್ಪತ್ತೇ. ಉಳಿದ ಐದಕ್ಕೆ ಇನ್ನೂ ಮೂವತ್ತು ಸೇರು ಬೀಸುವ ಶಕ್ತಿ ಇದೆಯಲ್ಲ! ಏಳು ಕಲ್ಲು ಕೆಟ್ಟು ಮೂರೇ ಉಳಿದಾಗ ಹಿಟ್ಟು ಹದಿನೆಂಟಕ್ಕೆ ಇಳಿಯುತ್ತದೆ. ಅಲ್ಲಿಯವರೆಗೆ ನಾವು ಅಳೆಯುತ್ತಿದ್ದದ್ದು ರಾಗಿ ತಂದ ಗಾಡಿಯನ್ನು.

ಹೃದಯದಲ್ಲಿ ಗಾಡಿ ಎಂದರೆ ರಕ್ತ, ಕಲ್ಲು ಎಂದರೆ ನರದ ಬಾಗಿಲು. ಟ್ರೇಸರ್ ಅತಿ ಚುರುಕಾಗಿದ್ದರೆ ರಕ್ತ ತಂದುಕೊಟ್ಟದ್ದನ್ನೆಲ್ಲ ಬಾಗಿಲು ಆ ಕ್ಷಣವೇ ನುಂಗುತ್ತದೆ. ಆಗ ಚಿತ್ರದ ಹೊಳಪು ರಕ್ತದ ಹರಿವನ್ನು ಹೇಳುತ್ತದೆ, ನರಗಳ ಸಂಖ್ಯೆಯನ್ನು ಹೇಳುವುದಿಲ್ಲ. ನಿಜವಾದ ಅಂಗಾಂಶದಲ್ಲಿ ಗಿರಣಿಯಷ್ಟು ಚೂಪಾದ ಗಡಿ ಇರುವುದಿಲ್ಲ, ನಯವಾದ ಬಾಗು ಇರುತ್ತದೆ. ಹರಿವನ್ನು 1 ಎಂದೂ ಬಾಗಿಲ ವೇಗವನ್ನು 4 ಎಂದೂ ಇಟ್ಟುಕೊಂಡು ಸರಳ ಸೂತ್ರ ಹಾಕಿದರೆ, ಅಂದರೆ ಎರಡರ ಗುಣಲಬ್ಧವನ್ನು ಎರಡರ ಮೊತ್ತದಿಂದ ಭಾಗಿಸಿದರೆ, ಅಳತೆ 0.80 ಬರುತ್ತದೆ. ಅರ್ಧ ನರ ಸತ್ತು ವೇಗ 2ಕ್ಕೆ ಇಳಿದರೂ ಅಳತೆ 0.67. ಅರ್ಧ ಆಸ್ತಿ ಹೋಗಿದೆ, ಲೆಕ್ಕದ ಪುಸ್ತಕದಲ್ಲಿ ಶೇ 17ರಷ್ಟೇ ಇಳಿಕೆ. ಇದೇ ಲೆಕ್ಕವನ್ನು ನಿಧಾನದ ಅಣುವಿಗೆ ಹಾಕಿ ನೋಡಿ. ಬಾಗಿಲ ವೇಗ 0.2 ಇದ್ದರೆ ಅಳತೆ 0.167, ಅರ್ಧ ನರ ಹೋದಾಗ 0.091. ಇಳಿಕೆ ಶೇ 45, ನಿಜಕ್ಕೆ ಬಹಳ ಹತ್ತಿರ. ಈ ಸಂಖ್ಯೆಗಳು ವಿವರಣೆಗೆಂದು ನಾನು ಹಾಕಿಕೊಂಡವು. ಆದರೆ ತರ್ಕ ಆ್ಯನ್ ಆರ್ಬರ್‌ನಲ್ಲಿ ಹಿಡಿದ ತರ್ಕವೇ.

ಅದನ್ನು ಬೆನ್ನುಹತ್ತಿದವರು ಡೇವಿಡ್ ರಾಫೆಲ್. ವೀಲೆಂಡ್ ಜೊತೆ ಕೆಲಸ ಮಾಡಿ ಆ ಪ್ರಯೋಗಾಲಯದ ಹಾದಿಯನ್ನು ಮುಂದುವರಿಸಿದವರು. ಅವರ ತಂಡ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಲಿಗಳಿಗೆ ಡೆಸಿಪ್ರಮಿನ್ ಎಂಬ ಔಷಧಿಯನ್ನು ಬೇರೆ ಬೇರೆ ಪ್ರಮಾಣದಲ್ಲಿ ಕೊಟ್ಟರು. ಖಿನ್ನತೆಗೆ ಕೊಡುವ ಈ ಹಳೆಯ ಔಷಧಿ ನರದ ಬಾಗಿಲಿಗೆ ಅಡ್ಡ ಕೂರುತ್ತದೆ. ಕಡಿಮೆ ಕೊಟ್ಟರೆ ಕೆಲವು ಬಾಗಿಲು ಮುಚ್ಚುತ್ತವೆ, ಹೆಚ್ಚು ಕೊಟ್ಟರೆ ಹೆಚ್ಚು ಬಾಗಿಲು. ಹೀಗೆ ತಾವೇ ಮುಚ್ಚಿದ ಬಾಗಿಲುಗಳ ಎದುರಿಗೆ ಎಚ್‌ಇಡಿಯ ಅಳತೆಯನ್ನು ಇಟ್ಟು ನೋಡಿದಾಗ ಎರಡರ ನಡುವಿನ ಸಂಬಂಧ ನೇರ ಗೆರೆಯಾಗಿರಲಿಲ್ಲ. ಮೊದಮೊದಲ ನಷ್ಟವನ್ನು ಎಚ್‌ಇಡಿ ಸರಿಯಾಗಿ ಗುರುತಿಸುತ್ತಿರಲಿಲ್ಲ.

ಎರಡನೆಯ ತೊಡಕು ಗಾಜಿನ ಕೊಳವೆಗೆ ಕಟ್ಟಿದ ಹೃದಯದಲ್ಲಿ ಮುಂಚೆಯೇ ಬಯಲಾಗಿತ್ತು. ಎಚ್‌ಇಡಿ ತುಂಬಿದ ಹೃದಯದ ಮೇಲೆ ಬರಿಯ ದ್ರಾವಣ ಹರಿಸಿದರೆ ಗೆರೆ ಮೆಲ್ಲಗೆ ಇಳಿಯುತ್ತದೆ. ಅಣು ಗಟ್ಟಿಯಾಗಿ ನಿಂತಿದೆ ಎಂದೇ ತೋರುತ್ತದೆ. ಅದೇ ದ್ರಾವಣಕ್ಕೆ ಡೆಸಿಪ್ರಮಿನ್ ಬೆರೆಸಿದ ಕೂಡಲೇ ಗೆರೆ ಸರಸರನೆ ಇಳಿಯುತ್ತದೆ. ಎಂದರೆ ಅಣು ನಿಂತಿರಲೇ ಇಲ್ಲ. ಅದು ನರದಿಂದ ಸೋರುತ್ತಿತ್ತು, ಮತ್ತೆ ಒಳಹೋಗುತ್ತಿತ್ತು, ಮತ್ತೆ ಸೋರುತ್ತಿತ್ತು. ಬಾಗಿಲು ಮುಚ್ಚಿದಾಗಷ್ಟೇ ಆ ಸುತ್ತಾಟ ನಮ್ಮ ಕಣ್ಣಿಗೆ ಬಿತ್ತು. ಒಂದು ತಿರುಪಿನ ತಿರುವಿನಲ್ಲಿ ಇಷ್ಟು ದೊಡ್ಡ ಮಾತು ಹೇಳಿಬಿಡುವ ಈ ಪ್ರಯೋಗ ನನಗೆ ಈ ಇಡೀ ಪ್ರಕರಣದಲ್ಲಿ ಅತ್ಯಂತ ಇಷ್ಟವಾದದ್ದು.

ಇಷ್ಟಾದ ಮೇಲೆ ಹೊಸ ಅಣು ಹೇಗಿರಬೇಕೆಂಬುದು ಖಚಿತವಾಯಿತು. ಬಾಗಿಲಲ್ಲಿ ಅವಸರ ಪಡಬಾರದು. ಒಳಹೋದ ಮೇಲೆ ಹೊರಬರಲೂಬಾರದು. ಹೀಗಾದರೆ ಮಾತ್ರ, ಕ್ಲಿಫರ್ಡ್ ಪ್ಯಾಟ್ಲಾಕ್ ಮತ್ತು ಸಂಗಡಿಗರು 1983ರಲ್ಲಿ ಕೊಟ್ಟ ಗ್ರಾಫಿನ ಲೆಕ್ಕದಲ್ಲಿ ಬಿಂದುಗಳು ನೇರ ಗೆರೆಯಲ್ಲಿ ಕೂರುತ್ತವೆ, ಆ ಗೆರೆಯ ಓರೆಯೇ ನರದ ಬಾಗಿಲುಗಳ ಅಳತೆಯಾಗುತ್ತದೆ.

ಅಣು ಕಟ್ಟಿದ್ದು

ನಾರ್‌ಎಪಿನೆಫ್ರಿನ್ ಅಣುವಿನ ಉಂಗುರದಲ್ಲಿ ಎರಡು ಹೈಡ್ರಾಕ್ಸಿಲ್‌ಗಳು ಅಕ್ಕಪಕ್ಕ ಕೂತಿರುತ್ತವೆ, ಬಾಲದ ತುದಿಯಲ್ಲಿ ಅಮೀನ್ ಇರುತ್ತದೆ. ದೇಹದ ಎರಡು ಕಿಣ್ವಗಳು ಇದನ್ನು ಒಡೆಯಲು ಕಾದಿರುತ್ತವೆ. ಒಂದಕ್ಕೆ ಆ ಜೋಡಿ ಹೈಡ್ರಾಕ್ಸಿಲ್ ಬೇಕು, ಇನ್ನೊಂದಕ್ಕೆ ಬಾಲದ ಅಮೀನ್ ಬೇಕು. ಹೈಡ್ರಾಕ್ಸಿಲ್‌ಗಳಲ್ಲಿ ಒಂದನ್ನು ತೆಗೆದು, ಅಮೀನ್ ಇದ್ದ ಕಡೆ ಗ್ವಾನಿಡಿನ್ ಇಟ್ಟರೆ ಎರಡೂ ಕಿಣ್ವಗಳ ಕೈ ತಪ್ಪುತ್ತದೆ. ಗ್ವಾನಿಡಿನ್‌ನಿಂದ ಇನ್ನೊಂದು ಲಾಭವೂ ಇದೆ. ಅದು ಬಲವಾದ ಪ್ರತ್ಯಾಮ್ಲವಾದ್ದರಿಂದ ದೇಹದೊಳಗೆ ಹೆಚ್ಚುಕಡಿಮೆ ಸದಾ ಧನ ಆವೇಶ ಹೊತ್ತಿರುತ್ತದೆ. ಆವೇಶ ಹೊತ್ತ ಅಣು ಕೊಬ್ಬಿನ ಪೊರೆಯನ್ನು ದಾಟಿ ಸೋರಿಹೋಗಲಾರದು. ಚೀಲದೊಳಗೆ ಸಿಕ್ಕಿಕೊಂಡರೆ ಅಲ್ಲೇ. ಉಳಿಸಿಕೊಂಡ ಒಂದು ಹೈಡ್ರಾಕ್ಸಿಲ್ ಕೂಡ ಅಣುವನ್ನು ನೀರಿನ ಕಡೆಯವನನ್ನಾಗಿ ಮಾಡಿ ಚೀಲದಲ್ಲಿ ನಿಲ್ಲಲು ನೆರವಾಗುತ್ತದೆ. ಈ ಬಗೆಯ ಫಿನೆಥೈಲ್‌ಗ್ವಾನಿಡಿನ್‌ಗಳ ಒಂದು ಸಾಲನ್ನೇ ರಾಫೆಲ್ ತಂಡ ತಯಾರಿಸಿ, ಇಲಿಯ ಹೃದಯದಲ್ಲಿ ಒಂದೊಂದರ ಏರುವ ಗೆರೆಯನ್ನೂ ಇಳಿಯುವ ಗೆರೆಯನ್ನೂ ಹಿಡಿದು 2007ರಲ್ಲಿ ಪ್ರಕಟಿಸಿತು. ಕೆಲವು ಅಣುಗಳಲ್ಲಿ ಇಳಿಯುವ ಗೆರೆ ಹೆಚ್ಚುಕಡಿಮೆ ಮಟ್ಟಸವಾಗಿಬಿಟ್ಟಿತ್ತು.

ಈಗ ಕಾಲದ ಮಾತು. ನಿಧಾನದ ಅಣುವನ್ನು ನೋಡಲು ಒಂದು ಗಂಟೆಯಾದರೂ ಸ್ಕ್ಯಾನರಿನಲ್ಲಿ ಕಾಯಬೇಕು. ಕಾರ್ಬನ್-11ರ ಅರ್ಧಾಯು 20.4 ನಿಮಿಷ, ಗಂಟೆ ಮುಗಿಯುವಷ್ಟರಲ್ಲಿ ಎಂಟರಲ್ಲಿ ಒಂದು ಪಾಲು ಉಳಿದಿರುತ್ತದೆ. ಫ್ಲೋರಿನ್-18ರ ಅರ್ಧಾಯು 110 ನಿಮಿಷ. ಅಂದರೆ ನಿಧಾನದ ಅಣು ಬೇಕೆಂದ ಕೂಡಲೇ ಫ್ಲೋರಿನ್ ಬೇಕೆಂದು ಹೇಳಿದ ಹಾಗೆಯೇ ಆಯಿತು. ಸಾಗಣೆಯ ಲೆಕ್ಕವನ್ನೂ ನಮ್ಮ ನೆಲದ ಮೇಲೆ ಇಟ್ಟು ನೋಡಬಹುದು. ವಿಕಿರಣಶೀಲ ಪರಮಾಣುಗಳನ್ನು ತಯಾರಿಸುವ ಯಂತ್ರ ಸೈಕ್ಲೋಟ್ರಾನ್. ಬೆಂಗಳೂರಿನ ಸೈಕ್ಲೋಟ್ರಾನಿನಲ್ಲಿ ತಯಾರಾದದ್ದು ಮೂರು ಗಂಟೆಯಲ್ಲಿ ಮೈಸೂರು ತಲುಪಿತು ಎಂದುಕೊಳ್ಳಿ. ಹೊರಟಾಗ ನೂರು ಪಾಲು ಇದ್ದದ್ದು ಫ್ಲೋರಿನ್-18 ಆದರೆ 32 ಪಾಲು ಉಳಿದಿರುತ್ತದೆ. ಕಾರ್ಬನ್-11 ಆದರೆ ಆ ನೂರರಲ್ಲಿ ಒಂದು ಪಾಲಿನ ಕಾಲು ಭಾಗವೂ ಇರುವುದಿಲ್ಲ. ಎಚ್‌ಇಡಿ ಪರೀಕ್ಷೆ ಸೈಕ್ಲೋಟ್ರಾನ್ ಇರುವ ಆಸ್ಪತ್ರೆಯ ಅಂಗಳ ದಾಟಲಾಗದೆ ಉಳಿದದ್ದು ಈ ಕಾರಣಕ್ಕೆ. ಒಳ್ಳೆಯ ಪರೀಕ್ಷೆಯೊಂದು ಕೆಲವೇ ದೊಡ್ಡ ಕೇಂದ್ರಗಳಲ್ಲಿ ಸಿಲುಕಿಕೊಂಡರೆ ಜಿಲ್ಲಾ ಕೇಂದ್ರದ ರೋಗಿಗೆ ಅದರಿಂದ ಏನೂ ದಕ್ಕುವುದಿಲ್ಲ. ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಈ ಲೆಕ್ಕ ಮಾಡಿದ ದಿನ.

ಆದರೆ ಫ್ಲೋರಿನ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಆಮ್ಲಜನಕ-18 ಹೆಚ್ಚಿಸಿದ ನೀರಿಗೆ ಪ್ರೋಟಾನ್ ಹೊಡೆದು ಪಡೆಯುವ ಫ್ಲೋರಿನ್ ಋಣ ಆವೇಶದ ಫ್ಲೋರೈಡ್ ಆಗಿ ಸಿಗುತ್ತದೆ. ನಮಗೆ ಬೇಕಾದ ಉಂಗುರವೋ, ಹೈಡ್ರಾಕ್ಸಿಲ್ ಇರುವುದರಿಂದ ಎಲೆಕ್ಟ್ರಾನುಗಳಿಂದ ತುಂಬಿ ತುಳುಕುತ್ತಿರುತ್ತದೆ. ಋಣ ಋಣವನ್ನು ದೂರ ತಳ್ಳುತ್ತದೆ. ಫ್ಲೋರಿನ್ ಅನಿಲವಾಗಿ ಹಾಯಿಸುವ ಇನ್ನೊಂದು ದಾರಿ ಇದೆ. ಆದರೆ ಅದರಲ್ಲಿ ವಿಕಿರಣ ಸೂಸದ ಮಾಮೂಲಿ ಫ್ಲೋರಿನ್ ಬೆರೆತು, ಚುಚ್ಚುವ ವಸ್ತುವಿನ ಒಟ್ಟು ಪ್ರಮಾಣ ಏರಿಬಿಡುತ್ತದೆ. ನರದ ಬಾಗಿಲಲ್ಲಿ ಅವು ಟ್ರೇಸರಿನೊಡನೆಯೇ ನೂಕುನುಗ್ಗಲು ಮಾಡುತ್ತವೆ. ಟ್ರೇಸರ್ ದೇಹಕ್ಕೆ ಗೊತ್ತೇ ಆಗದಷ್ಟು ಅಲ್ಪವಾಗಿರಬೇಕು.

ದಾರಿ ತೋರಿಸಿದ್ದು ಡೈಆರೈಲ್ ಅಯೋಡೋನಿಯಂ ಲವಣಗಳು. ಎರಡು ಉಂಗುರಗಳ ನಡುವೆ ಧನ ಆವೇಶದ ಅಯೋಡಿನ್ ಸೇತುವೆಯಾಗಿ ನಿಂತಿರುತ್ತದೆ. ಫ್ಲೋರೈಡ್ ಆ ಸೇತುವೆಯತ್ತ ಬಂದು, ಎರಡು ಉಂಗುರಗಳಲ್ಲಿ ಎಲೆಕ್ಟ್ರಾನ್ ಕಡಿಮೆ ಇರುವುದರ ಮೇಲೆ ಕೂರುತ್ತದೆ. ಇನ್ನೊಂದು ಉಂಗುರವನ್ನು ಬೇಕೆಂದೇ ಎಲೆಕ್ಟ್ರಾನ್ ಸಮೃದ್ಧವಾಗಿ ಆರಿಸಿಕೊಂಡರೆ ಫ್ಲೋರೈಡ್ ನಮಗೆ ಬೇಕಾದ ಕಡೆಗೇ ಹೋಗುತ್ತದೆ. ಹೈಡ್ರಾಕ್ಸಿಲ್‌ಗೂ ಗ್ವಾನಿಡಿನ್‌ಗೂ ಮೊದಲೇ ಮುಸುಕು ಹಾಕಿಟ್ಟು ಕೊನೆಯಲ್ಲಿ ತೆಗೆಯುತ್ತಾರೆ. ಇದೆಲ್ಲ ಸೀಸದ ಗೋಡೆಯ ಪೆಟ್ಟಿಗೆಯೊಳಗೆ, ಗಡಿಯಾರ ನೋಡುತ್ತಾ ಮುಗಿಯಬೇಕಾದ ಕೆಲಸ. 2013ರ ಹೊತ್ತಿಗೆ 4ಎಫ್-ಎಂಎಚ್‌ಪಿಜಿ ಎಂಬ ಅಣುವಿನ ವರದಿ ಬಂತು. ಹೈಡ್ರಾಕ್ಸಿಲ್ ಮೆಟಾ ಸ್ಥಾನದಲ್ಲಿ, ಫ್ಲೋರಿನ್ ಅದರ ಪಕ್ಕದ ಪ್ಯಾರಾ ಸ್ಥಾನದಲ್ಲಿ. 2017ರಲ್ಲಿ ಅದನ್ನೂ, ಎರಡರ ಜಾಗ ಅದಲುಬದಲಾದ ಅದರ ಸಹೋದರ ಅಣು 3ಎಫ್-ಪಿಎಚ್‌ಪಿಜಿಯನ್ನೂ ಹೋಲಿಸಿ, ಇಳುವರಿ ಚೆನ್ನಾಗಿ ಸಿಗುವ ತಯಾರಿಕೆಯ ಕ್ರಮವನ್ನು ಪ್ರಕಟಿಸಿದರು.

ಜೀವಂತ ಹೃದಯದಲ್ಲಿ

ಇಲಿಯಿಂದ ರೀಸಸ್ ಮಂಗಕ್ಕೆ, ಮಂಗದಿಂದ ಮನುಷ್ಯನಿಗೆ. ಮಂಗಗಳ ಪೆಟ್ ಸ್ಕ್ಯಾನಿನಲ್ಲಿ ಪ್ಯಾಟ್ಲಾಕ್ ಗ್ರಾಫಿನ ಬಿಂದುಗಳು ಬಯಸಿದಂತೆ ನೇರ ಗೆರೆಯಲ್ಲಿ ಕೂತವು. ಡೆಸಿಪ್ರಮಿನ್ ಹೆಚ್ಚಿಸುತ್ತಾ ಹೋದಂತೆ ಗೆರೆಯ ಓರೆ ತಗ್ಗುತ್ತಾ ಹೋಯಿತು. 2006ರಲ್ಲಿ ಎಚ್‌ಇಡಿಯ ಕೊರತೆಯನ್ನು ತೋರಿಸಿಕೊಟ್ಟ ಅದೇ ಔಷಧಿ ಈಗ ಹೊಸ ಅಣುವಿನ ಪರವಾಗಿ ಸಾಕ್ಷಿ ಹೇಳಿತು. 2018ರಲ್ಲಿ ಎರಡೂ ಅಣುಗಳನ್ನು ಆರೋಗ್ಯವಂತ ಸ್ವಯಂಸೇವಕರಿಗೆ ಮೊದಲ ಬಾರಿಗೆ ಕೊಟ್ಟ ವರದಿ ಬಂತು. ಹೃದಯದ ಗೋಡೆ ಸ್ಪಷ್ಟವಾಗಿ ಕಂಡಿತು, ಭಾಗ ಭಾಗಕ್ಕೂ ಓರೆಯನ್ನು ಲೆಕ್ಕ ಹಾಕಲು ಸಾಧ್ಯವಾಯಿತು. ಇದೇ ಹೊತ್ತಿನಲ್ಲಿ ಲ್ಯಾಂಥಿಯಸ್ ಕಂಪನಿ ಎಂಐಬಿಜಿಯ ಬೆಂಜೈಲ್‌ಗ್ವಾನಿಡಿನ್ ವಂಶದಲ್ಲೇ ಫ್ಲೋರಿನ್-18 ಹೊತ್ತ ಫ್ಲೂಬ್ರೋಬೆಂಗ್ವೇನ್ ಎಂಬ ಇನ್ನೊಂದು ಅಣುವನ್ನು ಬೆಳೆಸುತ್ತಿತ್ತು. ಫ್ಲೋರಿನ್ ಕಡೆಗೆ ಹೊರಟವರು ಆ್ಯನ್ ಆರ್ಬರ್‌ನವರು ಮಾತ್ರ ಅಲ್ಲ.

ಎಚ್‌ಇಡಿಯನ್ನು ಬದಿಗೊತ್ತಿ ಬರೆದುಬಿಟ್ಟರೆ ಅದಕ್ಕೆ ಅನ್ಯಾಯವಾಗುತ್ತದೆ. ಬಫಲೊದ ಜೇಮ್ಸ್ ಫಲವೊಲಿಟಾ, ಜಾನ್ ಕ್ಯಾಂಟಿ ಮತ್ತು ಸಂಗಡಿಗರು ನಡೆಸಿದ ಪ್ಯಾರಪೆಟ್ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ರಕ್ತನಾಳದ ಕಾಯಿಲೆಯಿಂದ ಹೃದಯ ಸೊರಗಿ, ರಕ್ತ ಹೊರದೂಡುವ ಪ್ರಮಾಣ ಶೇ 35 ಅಥವಾ ಅದಕ್ಕಿಂತ ಕಡಿಮೆಯಾಗಿದ್ದ 204 ಮಂದಿಯನ್ನು ಎಚ್‌ಇಡಿಯಿಂದ ಚಿತ್ರಿಸಿ ನಾಲ್ಕು ವರ್ಷಕ್ಕೂ ಮಿಕ್ಕಿ ಗಮನಿಸಿದರು. 33 ಮಂದಿಗೆ ದಿಢೀರ್ ಹೃದಯ ಸ್ತಂಭನವಾಯಿತು. ನರ ಕಳೆದುಕೊಂಡ ಭಾಗದ ಗಾತ್ರಕ್ಕೆ ತಕ್ಕಂತೆ ರೋಗಿಗಳನ್ನು ಮೂರು ಗುಂಪು ಮಾಡಿದಾಗ, ಹೆಚ್ಚು ಕಳೆದುಕೊಂಡವರಲ್ಲಿ ವರ್ಷಕ್ಕೆ ಶೇ 6.7, ಕಡಿಮೆ ಕಳೆದುಕೊಂಡವರಲ್ಲಿ ಶೇ 1.2. ರಕ್ತ ಹೊರದೂಡುವ ಪ್ರಮಾಣವೊಂದನ್ನೇ ನೋಡಿ ಲಯ ತಪ್ಪಿದಾಗ ವಿದ್ಯುತ್ ಆಘಾತ ಕೊಡುವ ಡಿಫಿಬ್ರಿಲೇಟರನ್ನು ಎದೆಯೊಳಗೆ ಇಡುವ ಈಗಿನ ರೂಢಿಗೆ ಇದಕ್ಕಿಂತ ಗಂಭೀರವಾದ ಪ್ರಶ್ನೆ ಬೇರೆ ಬೇಕಿಲ್ಲ. ಆ 204 ಮಂದಿಯೂ ಆ ರೂಢಿಯ ಪ್ರಕಾರ ಒಂದೇ ಗುಂಪಿನವರು. ನರದ ಚಿತ್ರ ಅವರನ್ನು ಬೇರೆ ಬೇರೆ ಮಾಡಿತು.

ಅದು ಸಾಧ್ಯವಾದದ್ದೇಕೆ ಎಂದರೆ ಅಲ್ಲಿ ಕೇಳಿದ ಪ್ರಶ್ನೆ ಎಚ್‌ಇಡಿಗೆ ಒಗ್ಗುವಂಥದ್ದು. ಹೃದಯಾಘಾತದಲ್ಲಿ ಒಂದು ಭಾಗದ ನರಗಳು ಪೂರ್ತಿ ಹೋಗಿರುತ್ತವೆ, ಪಕ್ಕದಲ್ಲಿ ಇರುತ್ತವೆ. ಗಿರಣಿಯ ಹತ್ತು ಕಲ್ಲುಗಳಲ್ಲಿ ಒಂಬತ್ತು ನಿಂತಿವೆ. ಚುರುಕಿನ ಅಣುವೂ ಅದನ್ನು ಕಾಣುತ್ತದೆ. ಎಲ್ಲೆಲ್ಲೂ ಮೂರು ನಾಲ್ಕು ಕಲ್ಲು ಕೆಟ್ಟು ಉಳಿದವು ಓಡುತ್ತಿರುವ ಹೃದಯವನ್ನು ಅದು ಚೆನ್ನಾಗಿರುವ ಹೃದಯವೆಂದೇ ತೋರಿಸಿಬಿಡುತ್ತದೆ.

ಮಧುಮೇಹ ಶುರುವಾಗಿ ಎಂಟು ಹತ್ತು ವರ್ಷವಾದ, ಎದೆಯಲ್ಲಿ ಯಾವ ತೊಂದರೆಯೂ ಕಾಣದ ವ್ಯಕ್ತಿಯ ಹೃದಯ ಇರಬಹುದಾದದ್ದು ಅಂಥ ಸ್ಥಿತಿಯಲ್ಲೇ. ಇವತ್ತು ಒಮ್ಮೆ ಅಳೆದು, ಸಕ್ಕರೆಯನ್ನು ಹತೋಟಿಗೆ ತಂದು, ಎರಡು ವರ್ಷ ಬಿಟ್ಟು ಮತ್ತೆ ಅಳೆದು, ನರಕ್ಷಯ ನಿಂತಿತೇ ಮುಂದುವರಿಯಿತೇ ಎಂದು ಹೇಳಬೇಕಾದರೆ ಶೇ 50ರ ನಷ್ಟವನ್ನು ಶೇ 17 ಎಂದು ತೋರಿಸುವ ಅಳತೆಗೋಲು ಕೆಲಸಕ್ಕೆ ಬಾರದು. ಕಸಿ ಹೃದಯದಲ್ಲಿ ವರ್ಷ ವರ್ಷ ಎಳೆ ಎಳೆಯಾಗಿ ಮರಳುವ ನರಗಳ ಲೆಕ್ಕಕ್ಕೂ ಅದು ಸಾಲದು. ನಿಧಾನದ ಅಣು ಮುಂದೆ ಗೆಲ್ಲಬೇಕಾದದ್ದು ಇಂಥವರ ನಡುವೆ. ಆ್ಯಡ್ಮೈರ್-ಎಚ್‌ಎಫ್ ಮಾಡಿದಂತೆ ನೂರಾರು ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ, ಗೆರೆಯ ಓರೆಯಲ್ಲಿ ಬಂದ ಸಣ್ಣ ಬದಲಾವಣೆ ಅವರ ಬದುಕಿನಲ್ಲಿ ಏನನ್ನು ಮುಂಚಿತವಾಗಿ ಹೇಳಿತು ಎಂಬುದನ್ನು ತೋರಿಸಬೇಕು.